ತಾಂಡೇಲನ ಮನೆಯ ಮಂಗಳವಾರ

ನಮ್ಮ ತಾಂಡೇಲನ ಕಾಲ್ಬೆರಳುಗಳು ಒಂದರೊಡನೊಂದು ಮಾತು ಬಿಟ್ಟವರ ಹಾಗೆ ದೂರ ದೂರ ನಿಂತಿದ್ದವು. ಹೆಬ್ಬೆರಳು ಮಂಗಳೂರಿನ ಕಡೆಗೆ ನೋಡಿದರೆ ಕಿರುಬೆರಳು ಕಾರವಾರದ ಕಡೆಗೆ. ಓಲಾಡುವ ದೋಣಿಯ ಅಂಚಿನ ಮೇಲೆ ಬೆರಳೂರಿ ನಿಂತು ನಿಂತು ಹಾಗಾದದ್ದು. ಯಾವ ಅಂಗಡಿಯ ಚಪ್ಪಲಿಯೂ ಆ ಪಾದವನ್ನು ಒಪ್ಪಿಕೊಳ್ಳಲಿಲ್ಲ. ಆದರೂ ಅವನ ಹತ್ತಿರ ಒಂದು ಜೊತೆ ಚಪ್ಪಲಿ ಇತ್ತು. ಹೊನ್ನಾವರದ ನನ್ನ ಕಚೇರಿಗೆ ಬರುವಾಗ ಅದನ್ನು ಬಗಲಲ್ಲಿ ಇಟ್ಟುಕೊಂಡು ಬರುತ್ತಿದ್ದ, ಬಾಗಿಲ ಹತ್ತಿರ ನೆಲದ ಮೇಲೆ ನೀಟಾಗಿ ಜೋಡಿಸಿ ಒಳಗೆ ಕಾಲಿಡುತ್ತಿದ್ದ. ಹೋಗುವಾಗ ಮತ್ತೆ ಬಗಲಿಗೆ.

‘ಮೆಟ್ಟೂದಿಲ್ಲ ಅಂದ್ಮೇಲೆ ಎಂತಕ್ಕೆ ಹೊತ್ಕೊಂಡು ಬರ್ತಿ ಮಾರಾಯ?’ ಎಂದು ಒಮ್ಮೆ ಕೇಳಿದ್ದೆ.

‘ಬಾಗ್ಲಲ್ಲಿ ಎಲ್ರೂ ಚಪ್ಲಿ ಬಿಟ್ಟಿರ್ತ್ರು. ನಾ ಎಂತ ಬಿಡೂದು?’ ಎಂದ.

ದೋಣಿಯ ಮುಖ್ಯಸ್ಥನಿಗೆ ನಮ್ಮ ಕಡೆ ತಾಂಡೇಲ ಎನ್ನುತ್ತಾರೆ. ಎಲ್ಲಿ ಬಲೆ ಬಿಡಬೇಕು, ಯಾವಾಗ ಎಳೆಯಬೇಕು, ಯಾವಾಗ ಮನೆಗೆ ತಿರುಗಬೇಕು ಎಂಬುದೆಲ್ಲ ಅವನ ಮಾತು. ಇವನು ತಾಂಡೇಲನಾಗುವ ಮೊದಲು ಹೊನ್ನಾವರದ ಹೈಸ್ಕೂಲಿನಲ್ಲಿ ನಾವು ನಾಲ್ವರು ಕೂರುತ್ತಿದ್ದ ಬೆಂಚಿನ ಕಿಟಕಿ ಕಡೆಯವನಾಗಿದ್ದ. ಅಪ್ಪ ತೀರಿಕೊಂಡದ್ದರಿಂದ ಮ್ಯಾಟ್ರಿಕ್ ಪರೀಕ್ಷೆಗೆ ಮೊದಲೇ ಶಾಲೆ ಬಿಟ್ಟು ದೋಣಿ ಹತ್ತಿದ. ಉಳಿದ ಮೂವರಲ್ಲಿ ಒಬ್ಬ ಕುಮಟೆಯಲ್ಲಿ ಬ್ಯಾಂಕಿನ ಮ್ಯಾನೇಜರನಾದ, ಒಬ್ಬ ಭಟ್ಕಳದಲ್ಲಿ ಹೆಡ್‌ಮಾಸ್ತರನಾದ, ನಾನು ಸರಕಾರಿ ಕಚೇರಿಯ ಗುಮಾಸ್ತನಾಗಿ ಅಲ್ಲೇ ಬೇರು ಬಿಟ್ಟೆ. ಮೂರು ಊರುಗಳೂ ಒಂದೇ ರಸ್ತೆಯ ಮೇಲಿವೆ, ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಎಲ್ಲರ ಮುಖವನ್ನೂ ನೋಡಿ ಬರಬಹುದು. ಹಾಗಿದ್ದೂ ನಾಲ್ವರು ಒಟ್ಟಿಗೆ ಕೂತು ಇಪ್ಪತ್ತು ವರ್ಷಗಳ ಮೇಲಾಗಿತ್ತು. ಹತ್ತಿರವಿರುವವರನ್ನು ನಾಳೆ ನೋಡಿದರಾಯಿತು ಎಂದುಕೊಳ್ಳುವುದು ಮನುಷ್ಯನ ಕೆಟ್ಟ ಚಾಳಿ.

ತಾಂಡೇಲನಿಗೆ ಪಿಸುಮಾತು ಬರುತ್ತಿರಲಿಲ್ಲ. ಗಾಳಿಗೆ ಎದುರಾಗಿ ಕೂಗಿ ಕೂಗಿ ಅವನ ಗಂಟಲಿಗೆ ಇದ್ದದ್ದು ಒಂದೇ ಅಳತೆ. ಕಚೇರಿಯಲ್ಲಿ ನನ್ನ ಮೇಜಿನ ಮೇಲೆ ಬಗ್ಗಿ, ಬಾಯಿಗೆ ಕೈ ಅಡ್ಡ ಹಿಡಿದು, ‘ಒಂದು ಗುಟ್ಟಿನ ಮಾತು’ ಎಂದು ಆರಂಭಿಸಿದರೆ ಒಳಗಿನ ಕೋಣೆಯ ಸಾಹೇಬರು ಪೆನ್ನು ಕೆಳಗಿಟ್ಟು ಕೇಳುತ್ತಿದ್ದರು. ನಾನು ಬೆಂಚಿನವನಾದ್ದರಿಂದ ಯಾರ ಎದುರಿಗೂ ಏಕವಚನವೇ. ನನ್ನ ಕೈಕೆಳಗಿನ ಸಿಪಾಯಿಗೆ ಮಾತ್ರ ‘ನೀವು, ತಾವು’ ಎಂಬ ಮರ್ಯಾದೆ.

ಅಂಥ ಗುಟ್ಟಿನ ಮಾತನ್ನು ಹೇಳಲು ಅವನು ಬಂದದ್ದು ಎಂಬತ್ತರ ದಶಕದ ಆರಂಭದ ಒಂದು ಚಳಿಗಾಲದಲ್ಲಿ. ಹಿಂದಿನ ವರ್ಷ ಅವನ ಮಗಳ ಮದುವೆಯಾಗಿತ್ತು. ನಾವು ಮೂವರೂ ಹೋಗಿದ್ದೆವು, ಆದರೆ ಬೇರೆ ಬೇರೆ ಹೊತ್ತಿಗೆ. ಬ್ಯಾಂಕಿನವನು ತಿಜೋರಿಯ ಕೀಲಿ ಕಿಸೆಯಲ್ಲಿದೆ ಎಂದು ಬೇಗ ಓಡಿದ. ಹೆಡ್‌ಮಾಸ್ತರ ಬಸ್ಸು ತಪ್ಪುತ್ತದೆಂದು ಓಡಿದ. ನಾನು ಅರ್ಧ ದಿನದ ರಜೆ ಮುಗಿಯಿತೆಂದು ಪಾನಕ ಕುಡಿದು ಎದ್ದೆ. ಉಳಿದ ಇಬ್ಬರು ಊಟಕ್ಕೆ ನಿಲ್ಲುತ್ತಾರೆ ಎಂದು ಪ್ರತಿಯೊಬ್ಬನೂ ನಂಬಿದ್ದ. ಹೀಗೆ ಮೂವರಲ್ಲಿ ಒಬ್ಬನೂ ಉಣ್ಣಲಿಲ್ಲ.

‘ಅವತ್ತಿಂದ ಭಾವ ನನ್ನ ಬದುಕೂಕೆ ಬಿಡ್ತಾ ಇಲ್ಲ’ ಎಂದ ತಾಂಡೇಲ. ಭಾವ ಎಂದರೆ ಅವನ ಹೆಂಡತಿಯ ಅಣ್ಣ, ಪಕ್ಕದ ಮನೆಯವನು, ಅವನದೂ ಒಂದು ದೋಣಿ ಇತ್ತು. ‘ಬ್ಯಾಂಕು ನನ್ನ ದೋಸ್ತ, ಶಾಲೆ ನನ್ನ ದೋಸ್ತ, ಕಚೇರಿ ನನ್ನ ದೋಸ್ತ ಅಂತಿದ್ದೆ, ಒಬ್ಬನಾದ್ರೂ ನಿನ್ನ ಮನೆ ಅನ್ನ ಮುಟ್ಟಿದ್ನಾ ಅಂತ ಕೇಳ್ತ. ದೊಡ್ಡವ್ರು ಮೀನು ತಿಂತ್ರು, ಮೀನು ಹಿಡಿಯೋನ ಮನೇಲಿ ತಿನ್ನೂದಿಲ್ಲ ಅಂತ. ಕೇರಿಯವ್ರ ಎದ್ರಿಗೇ ಹೇಳ್ತ.’

ಒಳಗಿನ ಕೋಣೆಯಲ್ಲಿ ಪೆನ್ನು ಸದ್ದಿಲ್ಲದೆ ನಿಂತದ್ದು ನನಗೆ ಗೊತ್ತಾಯಿತು.

‘ಒಂದು ಊಟ’ ಎಂದ. ‘ಮೂರೂ ಜನ, ಒಂದೇ ಸಾಲಲ್ಲಿ. ಭಾವನ್ನ ಎದುರು ಕೂರ್ಸ್ತೆ. ಆಮೇಲೆ ನೀವು ಜನ್ಮದಲ್ಲಿ ಬರದಿದ್ರೂ ಅಡ್ಡಿಲ್ಲ.’

ಆತು ಎಂದೆ. ಇದರಲ್ಲಿ ಕಷ್ಟವೇನು ಎಂದುಕೊಂಡಿದ್ದೆ. ಕಷ್ಟ ಇದ್ದದ್ದು ವಾರದಲ್ಲಿ. ನಲವತ್ತು ದಾಟಿದ ಗಂಡಸರ ಮೇಲೆ ದೇವರಿಗೂ ಹೆಂಡತಿಗೂ ಹಕ್ಕು ಹೆಚ್ಚಾಗುತ್ತದೆ. ನನ್ನ ಮೂತ್ರದ ಕಲ್ಲು ಕರಗಿದ ಹರಕೆಗೆ ಸೋಮವಾರ ಹೋಗಿತ್ತು. ಬ್ಯಾಂಕಿನವನ ಜಾತಕದಲ್ಲಿ ಶನಿ ವಕ್ರವಾಗಿ ಕೂತಿದ್ದರಿಂದ ಶನಿವಾರ ಹೋಗಿತ್ತು. ಹೆಡ್‌ಮಾಸ್ತರನ ಮಗ ಪರೀಕ್ಷೆ ಪಾಸಾದ ಲೆಕ್ಕಕ್ಕೆ ಗುರುವಾರ. ಶುಕ್ರವಾರ ತಾಂಡೇಲನ ಮನೆಯಲ್ಲೇ ದೇವಿಯ ದಿನ, ಮೀನಿನ ಪಾತ್ರೆ ಬೋರಲು. ಭಾನುವಾರ ದೋಣಿಯವರಿಗೆಲ್ಲ ಪಾಲು ಹಂಚುವ ಗಲಾಟೆ, ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಬುಧವಾರ ಬ್ಯಾಂಕಿನವನು ಸಾಲ ವಸೂಲಿಗೆ ಹಳ್ಳಿ ಸುತ್ತುವ ದಿನ.

‘ಶಾಲೆಲಿ ಇದ್ದಾಗ ನಿಮ್ಗೆ ಸಿಕ್ಕಿದ ದಿನ ಎಲ್ಲ ಮೀನೇ ಆಗಿತ್ತಲ’ ಎಂದು ತಾಂಡೇಲ ಬೇಸರಪಟ್ಟ. ‘ಈ ದೇವ್ರೆಲ್ಲ ಆಗ ಎಲ್ಲಿದ್ರು?’

ಉಳಿದದ್ದು ಮಂಗಳವಾರ. ಯಾವ ಮಂಗಳವಾರ ಎಂಬುದನ್ನು ಅವನೇ ನಿಶ್ಚಯಿಸಿದ. ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಮರಳು ತುಂಬಿರುತ್ತದೆ, ನೀರೇರುವ ಭರತದ ಹೊತ್ತಿಗೇ ದೋಣಿ ಒಳಗೆ ಬರಬೇಕು. ಮಧ್ಯಾಹ್ನದ ಊಟಕ್ಕೆ ತಾಜಾ ಮೀನು ಬೇಕಾದರೆ ನಸುಕಿಗೆ ಮೊದಲೇ ಭರತ ಬರುವ ದಿನವನ್ನು ಹಿಡಿಯಬೇಕು. ಅವನು ಕಣ್ಣು ಮುಚ್ಚಿ ಬೆರಳಿನ ಗೆಣ್ಣು ಎಣಿಸಿದ. ‘ಹುಣ್ಣಿಮೆ ಕಳೆದು ಪಾಡ್ಯ, ಬಿದಿಗೆ, ತದಿಗೆ, ಚೌತಿ. ಚೌತಿ ಮಂಗಳವಾರ ಬರ್ತು. ಭರತ ಸಮಾ ಅದೆ. ಇಸ್ವಾಣ ಸಿಗ್ತು’ ಎಂದ.

ಚೌತಿ ಎಂದು ಅವನು ಹೇಳಿದ್ದನ್ನು ನಾನು ಈ ಕಿವಿಗಳಿಂದಲೇ ಕೇಳಿದೆ, ಪಕ್ಕದ ಮೇಜಿನವನೂ ಕೇಳಿದ, ಒಳಗಿನ ಸಾಹೇಬರೂ ಕೇಳಿರಬೇಕು. ಆದರೆ ನಮ್ಮ ಕಡೆ ಮೀನುಗಳಿಗೆಲ್ಲ ರಾಜನಾದ ಇಸ್ವಾಣ ಎಂಬ ಶಬ್ದ ಬಂದ ಮೇಲೆ ನನಗೆ ಅದರ ಹಿಂದಿನದೆಲ್ಲ ಮರೆಯಿತು. ತಾಂಡೇಲನ ಮಟ್ಟಿಗೆ ಚೌತಿ ಎಂದರೆ ನೀರು. ಎಷ್ಟು ಹೊತ್ತಿಗೆ ಏರುತ್ತದೆ, ಎಷ್ಟು ಹೊತ್ತಿಗೆ ಇಳಿಯುತ್ತದೆ, ಅಷ್ಟೇ. ಹುಣ್ಣಿಮೆಯ ನಂತರದ ಚೌತಿಗೆ ಊರಿನವರು ಸಂಕಷ್ಟಿ ಎಂದು ಉಪವಾಸವಿರುತ್ತಾರೆ, ಅದು ಮಂಗಳವಾರ ಬಂದರೆ ಅಂಗಾರಕಿಯಾಗಿ ವರ್ಷದ ಸಂಕಷ್ಟಿಗಳಿಗೆಲ್ಲ ದೊಡ್ಡಣ್ಣನಾಗುತ್ತದೆ ಎಂಬುದು ಅವನ ಲೆಕ್ಕದಲ್ಲಿ ಬರಲಿಲ್ಲ. ನಾವು ಮೂವರೂ ತಪ್ಪದೆ ಸಂಕಷ್ಟಿ ಮಾಡುವವರು. ಉಳಿದ ವ್ರತಗಳನ್ನೆಲ್ಲ ಅವನಿಗೆ ವಿವರವಾಗಿ ಹೇಳಿದೆವು, ಇದೊಂದನ್ನು ಹೇಳಲಿಲ್ಲ. ಎಲ್ಲರೂ ಮಾಡುವುದನ್ನು ಯಾರಾದರೂ ಹೇಳುತ್ತಾರೆಯೇ?

ಆ ಮಂಗಳವಾರ ಬೆಳಿಗ್ಗೆ ಹೆಂಡತಿ ಏಳುವ ಮೊದಲೇ ನಾನು ಮನೆ ಬಿಟ್ಟೆ. ಎದ್ದಿದ್ದರೆ ಅವಳು ನೆನಪಿಸುತ್ತಿದ್ದಳು, ಈ ಕಥೆಯೇ ಇರುತ್ತಿರಲಿಲ್ಲ. ಬಂದರಿನ ಹತ್ತಿರ ಬ್ಯಾಂಕಿನವನು ಇಸ್ತ್ರಿ ಪ್ಯಾಂಟಿನಲ್ಲಿ ಆಗಲೇ ಬಂದು ನಿಂತಿದ್ದ. ಹೊಟ್ಟೆ ಖಾಲಿ ಇಟ್ಟುಕೊಂಡು ಬಂದಿದ್ದೇನೆ ಎಂದು ಸಂಭ್ರಮದಿಂದ ಹೇಳಿದ. ತುಸು ಹೊತ್ತಿನಲ್ಲಿ ಭಟ್ಕಳದ ಬಸ್ಸಿನಿಂದ ಇಳಿದ ಹೆಡ್‌ಮಾಸ್ತರನ ಮುಖ ನೋಡಿ ನಾವು ಯಾರೋ ತೀರಿಕೊಂಡಿರಬೇಕು ಎಂದುಕೊಂಡೆವು.

‘ಬಸ್ಸು ತುಂಬ ಇಡಗುಂಜಿಗೆ ಹೋಗೋ ಹೆಂಗಸ್ರು’ ಎಂದ. ‘ಎಲ್ಲರ ಕೈಲೂ ಗರಿಕೆ, ತೆಂಗಿನಕಾಯಿ. ಕೂತ್ಕಳಿ ಮಾಸ್ತ್ರೆ, ನೀವೂ ಗಣಪತಿಗೆ ಹೊರಟದ್ದಾ ಅಂತ ಜಾಗ ಬಿಟ್ಟು ಕೊಟ್ರು. ಹೌದು ಅಂದೆ.’

ಮೂವರೂ ಹೊಳೆಯ ಕಡೆ ತಿರುಗಿದೆವು. ತಾಂಡೇಲನ ಕೇರಿಯಿದ್ದ ಆಚೆ ದಡದಿಂದ ಅವನ ದೋಣಿ ಹೊರಟಿತ್ತು. ನಡುಹೊಳೆಯಲ್ಲಿದ್ದಾಗಲೇ ಅವನ ದನಿ ಕೇಳಿತು. ‘ಇಸ್ವಾಣ ಬಂತು! ಇಷ್ಟುದ್ದ!’ ಎರಡೂ ಕೈ ಅಗಲಿಸಿ ತೋರಿಸಿದ್ದಕ್ಕೆ ಹುಟ್ಟು ಕೈಬಿಟ್ಟು ದೋಣಿ ಅಡ್ಡ ತಿರುಗಿತು.

ಈಗ ಹೇಳಿದರೆ ಏನಾಗುತ್ತದೆ ಎಂಬುದು ನಮಗೆ ಸ್ಪಷ್ಟವಾಗಿತ್ತು. ಮೊದಲ ಸಲ ತಿಜೋರಿ, ಬಸ್ಸು, ರಜೆ. ಎರಡನೇ ಸಲ ಗಣಪತಿ. ಭಾವನನ್ನು ಕರೆದು ಹೋಳಿಗೆ ಬಡಿಸಿದ ಹಾಗೆ. ‘ಉಂಡೇ ಬಿಡೂದು’ ಎಂದು ಬ್ಯಾಂಕಿನವನು ಹಲ್ಲು ಕಚ್ಚಿ ಹೇಳಿದ. ‘ಗಣಪತಿಗೆ ತಪ್ಪುಕಾಣಿಕೆ ಹಾಕಿದ್ರಾತು. ಇವಂಗೆ ಎಂತ ಹಾಕೂದು?’ ಹೆಡ್‌ಮಾಸ್ತರ ಇಡಗುಂಜಿಯ ದಿಕ್ಕಿಗೆ ಒಮ್ಮೆ ಕೈಮುಗಿದು ತಲೆಯಾಡಿಸಿದ. ಸಾಲ ಕೊಡುವ ಮೊದಲು ಹತ್ತು ಸಲ ಯೋಚಿಸುವ ಬ್ಯಾಂಕಿನವನ ಮೇಲೆ ನನಗೆ ಆ ಕ್ಷಣದಲ್ಲಿ ಹುಟ್ಟಿದ ಗೌರವ ಇವತ್ತಿಗೂ ಪೂರ್ತಿ ಇಳಿದಿಲ್ಲ.

ಮಧ್ಯಾಹ್ನದ ಹೊತ್ತಿಗೆ ತಾಂಡೇಲನ ಮನೆಯ ಜಗಲಿಯಲ್ಲಿ ಬಾಳೆಲೆ ಹಾಕಿ ಆಗಿತ್ತು. ಭಾವ ಎದುರಿನ ಮಣೆಯ ಮೇಲೆ ಮೊದಲೇ ಬಂದು ಕೂತಿದ್ದ, ಆಟ ನೋಡಲು ಬೇಗ ಬಂದು ಜಾಗ ಹಿಡಿದವರ ಹಾಗೆ. ಬೇಲಿಯಾಚೆ ಕೇರಿಯ ಅರ್ಧ ಜನ ಏನೇನೋ ಕೆಲಸದ ನೆಪದಲ್ಲಿ ನಿಂತಿದ್ದರು. ಒಳಗಿನಿಂದ ಬಂದ ಇಸ್ವಾಣದ ಸಾರಿನ ಪರಿಮಳಕ್ಕೆ ನನ್ನ ಧೈರ್ಯ ಇನ್ನೂ ಹೆಚ್ಚಾಯಿತು. ತಾಂಡೇಲನ ತಾಯಿ, ನಾವೆಲ್ಲ ಶಾಲೆಯ ಕಾಲದಿಂದ ಅವ್ವಿ ಎಂದೇ ಕರೆಯುತ್ತಿದ್ದ ಮುದುಕಿ, ಸೊಂಟ ಬಗ್ಗಿದ್ದರೂ ತಾನೇ ಬಡಿಸುವುದು ಎಂದು ಸೊಸೆಯ ಕೈಯಿಂದ ಸೌಟು ಕಸಿದುಕೊಂಡು ಬಂದಳು.

ಅನ್ನ ಎಲೆಗೆ ಬಿತ್ತು. ಆಗ ಭಾವ ಬಾಯಿ ತೆರೆದ. ‘ಅಲ್ಲ ಮಾಸ್ತ್ರೆ, ಇವತ್ತು ಅಂಗಾರಕಿ ಅಂತ ಪ್ಯಾಟೇಲಿ ಹೇಳ್ತಿದ್ರು. ನಿಮ್ಮಲ್ಲಿ ಮಾಡೂದಿಲ್ವಾ?’

ಅವನ ಮುಖದ ಮೇಲಿನ ಸಂತೋಷ ನೋಡಿದರೆ ತಾಂಡೇಲ ಊಟದ ದಿನ ಹೇಳಿದಾಗಿನಿಂದಲೇ ಆ ಪ್ರಶ್ನೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಸಾಕಿದ್ದ ಎಂದು ಗೊತ್ತಾಗುತ್ತಿತ್ತು. ತಾಂಡೇಲನ ಬಣ್ಣ ಇಳಿಯಿತು. ಅವನ ತುಟಿ ‘ಚೌತಿ’ ಎಂದು ಅಲುಗಿತು, ಅಷ್ಟು ಹೊತ್ತಿಗೆ ಅವನಿಗೆ ಹೊಳೆದಿತ್ತು. ಜನ್ಮದಲ್ಲಿ ಅವನು ದನಿಯಿಲ್ಲದೆ ಆಡಿದ್ದು ಅದೊಂದೇ ಮಾತು.

‘ನಾವು ಮಾಡೂದಿಲ್ಲ’ ಎಂದ ಹೆಡ್‌ಮಾಸ್ತರ.

‘ಇಲ್ಲಪ್ಪ’ ಎಂದ ಬ್ಯಾಂಕಿನವನು.

‘ಸಂಕಷ್ಟಿಯಾ? ಎಂತದದು?’ ಎಂದೆ ನಾನು. ಇದು ಸ್ವಲ್ಪ ಹೆಚ್ಚಾಯಿತು ಎಂದು ಆಮೇಲೆ ಇಬ್ಬರೂ ಬೈದರು.

ಅವ್ವಿ ಸಾರಿನ ಸೌಟನ್ನು ಪಾತ್ರೆಗೆ ವಾಪಸು ಹಾಕಿದಳು. ಹೆಡ್‌ಮಾಸ್ತರನ ಎದುರು ಬಂದು ನಿಂತು, ‘ನಿನ್ನ ಅಬ್ಬೆ ಸಾಯೂವರೆಗೆ ಮಾಡಿದ್ಳು. ನನ್ನ ಹತ್ರ ಕೂತು ಗರಿಕೆ ಆರಿಸ್ತಿದ್ಳು. ನೀ ಯಾವಾಗ ಬಿಟ್ಟಿ?’ ಎಂದು ಕೇಳಿದಳು. ಶಾಲೆಯ ಇನ್‌ಸ್ಪೆಕ್ಟರ ಮುಂದೆಯೂ ತಲೆ ತಗ್ಗಿಸದ ಹೆಡ್‌ಮಾಸ್ತರ ಎಲೆ ನೋಡಿದ.

‘ಇವಂಗೆ ಬೇಜಾರಾಗ್ತು ಅಂತ ಉಣ್ಣೂಕೆ ಹೊರಟದ್ದಾ ಮೂರೂ ಜನ?’

ಅವ್ವಿ ಮಗನ ಕಡೆ ತಿರುಗಿ, ‘ಕಂಡ್ಯಾ?’ ಎಂದಳು. ಆಮೇಲೆ ನಮಗೆ, ‘ಏಳಿ. ಉಪಾಸದವ್ರಿಗೆ ಮೀನು ಬಡ್ಸಿ ಈ ವಯಸ್ಸಲ್ಲಿ ಗಣಪತಿ ಹತ್ರ ನಾ ಜಗಳ ಮಾಡೂದಿಲ್ಲ. ಮೀನು ಎಲ್ಲಿಗೂ ಓಡೂದಿಲ್ಲ. ನೀವೂ ಓಡ್ಬ್ಯಾಡಿ. ನಾಳೆ ಬೆಳಿಗ್ಗೆ ಗಂಜಿಗೆ ಇದೇ ಸಾರು ಹಾಕ್ತೆ, ಉಂಡ್ಕಂಡೇ ಹೋಗೂದು’ ಎಂದಳು.

ಹೀಗೆ ನಮ್ಮನ್ನು ಎಲೆಯಿಂದ ಎಬ್ಬಿಸಲಾಯಿತು. ಒಬ್ಬನೇ ಉಳಿದ ಭಾವ ಅಷ್ಟು ಜನರ ಎದುರು ಸುಮ್ಮನೆ ಏಳುವುದು ಹೇಗೆಂದು ತಿಳಿಯದೆ ಎರಡು ತುಂಡು ಹಾಕಿಸಿಕೊಂಡು ಉಂಡ. ಅವನಿಗೆ ರುಚಿ ಸಿಕ್ಕಿರಲಿಕ್ಕಿಲ್ಲ. ತಾಂಡೇಲ ತಾನೂ ಉಪವಾಸ ಎಂದು ಹಟ ಹಿಡಿದ. ಅವನ ಜೀವಮಾನದಲ್ಲಿ ಅದು ಮೊದಲನೆಯದು. ಬಾಳೆಹಣ್ಣು, ಅವಲಕ್ಕಿ ತಿಂದು ಜಗಲಿಯ ಬಲೆಯ ರಾಶಿಗೆ ಒರಗಿದೆವು. ಅಡುಗೆಮನೆಯಿಂದ ಗಾಳಿ ಬೀಸಿದಾಗಲೆಲ್ಲ ನಾಲ್ಕೂ ಮೂಗುಗಳು ಒಟ್ಟಿಗೆ ಆ ಕಡೆ ತಿರುಗುತ್ತಿದ್ದವು. ‘ಹೊಟ್ಟೆ ಒಳಗಿಂದ ಯಾರೋ ಕರೀತ್ರಲ’ ಎಂದು ತಾಂಡೇಲ ಗಳಿಗೆಗೊಮ್ಮೆ ಹೇಳಿದ. ಚಂದ್ರ ಹುಟ್ಟುವುದು ಯಾವಾಗ ಎಂದು ಮಗುವಿನ ಹಾಗೆ ಪೀಡಿಸಿದ, ಹುಣ್ಣಿಮೆ ಅಮಾವಾಸ್ಯೆ ಬೆರಳ ತುದಿಯಲ್ಲಿದ್ದ ಮನುಷ್ಯ.

ಬೇರೆ ಕೆಲಸವಿಲ್ಲದ್ದರಿಂದ ಮಾತಾಡಿದೆವು. ಊಟವಾಗಿದ್ದರೆ ವೀಳ್ಯ ಹಾಕಿಕೊಂಡು ಮೂರು ಗಂಟೆಯ ಬಸ್ಸು ಹಿಡಿಯುತ್ತಿದ್ದೆವು, ಇದು ಖಂಡಿತ. ಶಾಲೆಯ ಲೆಕ್ಕದ ಮಾಸ್ತರರ ಕೋಟು, ಸ್ನೇಹ ಸಮ್ಮೇಳನದ ನಾಟಕದಲ್ಲಿ ಬ್ಯಾಂಕಿನವನು ಸೀತೆಯಾಗಿ ಸೀರೆ ತುಳಿದು ರಾವಣನ ಮೇಲೆ ಬಿದ್ದದ್ದು, ಎಲ್ಲವೂ ಎದ್ದು ಬಂದವು. ಬ್ಯಾಂಕಿನವನ ಇಸ್ತ್ರಿ ಪ್ಯಾಂಟು ಸಂಜೆಯ ಹೊತ್ತಿಗೆ ತಾಂಡೇಲನ ಲುಂಗಿಯಾಗಿ ಬದಲಾಗಿತ್ತು. ನಕ್ಕು ಸುಸ್ತಾದ ಮೇಲೆ ತಾಂಡೇಲ ಹೇಳಿದ, ‘ಭಾವಂಗೆ ತೋರ್ಸೂಕೆ ಅಂತ ನಿಮ್ಗೆ ಹೇಳ್ದೆ. ಅಷ್ಟೇ ಅಲ್ಲ. ಅವ ಹೇಳಿ ಹೇಳಿ ನಂಗೂ ಅನುಮಾನ ಬಂದಿತ್ತು.’ ಹೆಡ್‌ಮಾಸ್ತರ ಅವನ ಆ ಅಗಲ ಪಾದವನ್ನು ತನ್ನ ಪಾದದಿಂದ ಒಮ್ಮೆ ಒದ್ದ, ಬೆಂಚಿನ ಕೆಳಗೆ ಒದೆಯುತ್ತಿದ್ದ ಹಾಗೆ.

ಮರುದಿನ ಬೆಳಿಗ್ಗೆ ಕುಚ್ಚಲಕ್ಕಿ ಗಂಜಿಯ ಮೇಲೆ ಆ ಸಾರು ಬಂತು. ರಾತ್ರಿಯಿಡೀ ಹುಳಿ ಖಾರ ಎಳೆದುಕೊಂಡ ಇಸ್ವಾಣ. ಅದರ ವಿಷಯ ನಾನು ಹೆಚ್ಚು ಬರೆಯುವುದಿಲ್ಲ, ಬರೆದರೆ ಈಗಲೇ ಎದ್ದು ಪೇಟೆಗೆ ಹೋಗಬೇಕಾಗುತ್ತದೆ. ಭಾವ ತನ್ನ ತಾಟು ತಾನೇ ಹಿಡಿದುಕೊಂಡು ಬಂದು ನಮ್ಮ ಸಾಲಿನಲ್ಲಿ ಕೂತ. ತಾಂಡೇಲ ಅವನ ಪಾಲಿನ ಮಾತನ್ನೂ ಸೇರಿಸಿ ಆಡಿದ.

ಮನೆಗೆ ಹೋದ ಮೇಲೆ ಆದದ್ದು ಬೇರೆ. ಅಂಗಾರಕಿಯ ದಿನ ಹೇಳದೆ ಕೇಳದೆ ಕಾಣೆಯಾದ ಗಂಡ ಮರುದಿನ ಮೀನಿನ ವಾಸನೆ ಹೊತ್ತು ಬಂದರೆ ಯಾವ ಹೆಂಡತಿ ನಂಬುತ್ತಾಳೆ? ಉಪವಾಸವಿದ್ದೆ ಎಂದು ನಾನು ಆಣೆ ಮಾಡಿದೆ. ಹೆಡ್‌ಮಾಸ್ತರನ ಹೆಂಡತಿ ಇಡಗುಂಜಿಗೆ ಜನ ಕಳಿಸಿ ಹುಡುಕಿಸಿದ್ದಳಂತೆ.

ಅಲ್ಲಿಂದ ಮುಂದೆ ವರ್ಷಕ್ಕೆ ಎರಡು ಮೂರು ಸಲವಾದರೂ ಆ ಜಗಲಿಯಲ್ಲಿ ಸೇರಿದೆವು. ಅವ್ವಿ ಹೋದಳು. ಬ್ಯಾಂಕಿನವನಿಗೆ ಸಕ್ಕರೆ ಕಾಯಿಲೆ ಬಂತು. ನಮ್ಮ ಮನೆಗಳಿಗೆ ಬೇಕಾದ ಮೀನನ್ನು ತಾಂಡೇಲನೇ ಆರಿಸಿ ಕಳಿಸುತ್ತಿದ್ದುದರಿಂದ ನಾವು ಯಾರೂ ಮಾರ್ಕೆಟ್ಟಿನ ಮುಖ ನೋಡಲಿಲ್ಲ. ಕೊನೆಗೆ ಒಂದು ಬೇಸಿಗೆಯಲ್ಲಿ ಅವನಿಗೆ ಕಾಮಾಲೆ ಹಿಡಿಯಿತು. ‘ಮದ್ದು ತಕಂಡೆ, ಎರಡು ವಾರಕ್ಕೆ ಸಮಾ ಆಗ್ತು’ ಎಂದು ಮಲಗಿದಲ್ಲಿಂದಲೇ ಬೀದಿಗೆ ಕೇಳುವ ಹಾಗೆ ಹೇಳಿದ. ಸಮ ಆಗಲಿಲ್ಲ. ಐವತ್ತೂ ತುಂಬಿರಲಿಲ್ಲ ಅವನಿಗೆ. ಆ ದನಿ ಇಲ್ಲದ ಜಗಲಿಯಲ್ಲಿ ಕೂರಲು ನಮಗೆ ಆಗಲಿಲ್ಲ, ಸ್ಮಶಾನದಿಂದ ನೇರ ಹೊಳೆ ದಾಟಿ ಬಂದೆವು.

ಅವರ ಕೇರಿಯಲ್ಲಿ ಒಂದು ಕ್ರಮವಿದೆ. ಸೂತಕ ಮುಗಿದ ಮೇಲೆ ಆ ಮನೆಯ ಒಲೆಯ ಮೇಲೆ ಮತ್ತೆ ಮೀನು ಬೇಯಬೇಕಾದರೆ ಮನೆಯವರು ತಾವಾಗಿ ತರುವುದಿಲ್ಲ. ಹತ್ತಿರದ ನೆಂಟರು, ಹೆಚ್ಚಾಗಿ ಹೆಂಡತಿಯ ತವರಿನವರು, ತಂದು ಕೊಟ್ಟು ಜೊತೆಯಲ್ಲಿ ಕೂತು ಉಣ್ಣಬೇಕು. ಸೂತಕ ಕಳೆಯುವ ಹಿಂದಿನ ದಿನ ಭಾವ ನನ್ನ ಕಚೇರಿಗೆ ಬಂದ. ಮೇಜಿನ ಎದುರು ಕೂರೆಂದರೂ ಕೂರಲಿಲ್ಲ.

‘ನಾಳೆ ಮೀನು ನಾ ತರೂದು’ ಎಂದ. ‘ನಾ ಅವಳ ಅಣ್ಣ. ತಂಗಿ ಬ್ಯಾಡ ಅಂದ್ಳು. ಅವ್ರ ಬೆಂಚಿನವ್ರು ಮೂರು ಜನ ಇದ್ರು, ಅವ್ರೇ ತರ್ಲಿ ಅಂತ.’ ಕಿಟಕಿಯ ಕಡೆ ನೋಡಿ, ‘ನಂಗೂ ಸಮಾ ಅಂತ ಕಂಡ್ತು. ಹೇಳೂಕೆ ಬಂದೆ’ ಎಂದ.

ಮರುದಿನ ಬೆಳಿಗ್ಗೆ ಹೊನ್ನಾವರದ ಮೀನು ಮಾರ್ಕೆಟ್ಟಿನಲ್ಲಿ ನಾವು ಮೂವರು ನಿಂತದ್ದನ್ನು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ. ಹೆಡ್‌ಮಾಸ್ತರ ಮೀನಿನ ಕಿವಿರು ಎತ್ತಿ ಹಲ್ಲು ಎಣಿಸುವವನ ಹಾಗೆ ಇಣುಕಿದ. ಬ್ಯಾಂಕಿನವನು ಅಭ್ಯಾಸಬಲದಿಂದ ಎರಡೂ ಬದಿ ತಿರುಗಿಸಿ ಸಹಿ ಹುಡುಕಿದ. ಮಾರುವ ಹೆಂಗಸು ನಮ್ಮನ್ನು ನೋಡಿದ ಕೂಡಲೇ ಬುಟ್ಟಿಯ ಅಡಿಗೆ ಕೈ ಹಾಕಿ ಒಂದು ಇಸ್ವಾಣ ತೆಗೆದು, ‘ಇದು ನಿಮ್ಮಂಥವ್ರಿಗೇ ಅಂತ ಇಟ್ಟದ್ದು ಒಡೆಯ’ ಎಂದಳು. ಎಷ್ಟು ಒಳ್ಳೆಯ ಹೆಂಗಸು ಎಂದು ಮೂವರೂ ಮಾತಾಡಿಕೊಂಡು ಹೊಳೆ ದಾಟಿದೆವು.

ತಾಂಡೇಲನ ಹೆಂಡತಿ ಚೀಲ ಬಿಚ್ಚಿ ನೋಡಿದಳು. ಬೆರಳಿನಿಂದ ಒತ್ತಿದಳು, ಒತ್ತಿದ ಕುಳಿ ಹಾಗೇ ಉಳಿಯಿತು. ನಮ್ಮ ಮೂವರ ಮುಖ ನೋಡಿದಳು. ‘ಅವ್ರಿದ್ರೆ ಈ ಮೀನು ಹೊಳೆಗೆ ಎಸೀತಿದ್ರು, ಹಿಂದಿಂದ ನಿಮ್ಮನ್ನೂ’ ಎಂದು ನಗಲು ಹೊರಟವಳು ಸೆರಗು ಬಾಯಿಗೆ ಹಿಡಿದು ಅಳತೊಡಗಿದಳು. ಭಾವ ಬಂದು ಚೀಲ ತೆಗೆದುಕೊಂಡ, ‘ಹುಳಿ ಸ್ವಲ್ಪ ಜಾಸ್ತಿ ಹಾಕು, ಆತು’ ಎಂದಷ್ಟೇ ಹೇಳಿದ.

ಜಗಲಿಯಲ್ಲಿ ಎಲೆ ಹಾಕಿದರು. ನೆಂಟರು ಮೊದಲು ಕೂರಬೇಕು ಎಂದು ಭಾವ ನಮ್ಮ ಮೂವರನ್ನೂ ಕೈಹಿಡಿದು ಕೂರಿಸಿ, ತಾನು ಪಕ್ಕದಲ್ಲಿ ಕೂತ. ಅಷ್ಟು ಕೆಟ್ಟ ಮೀನಿನ ಸಾರನ್ನು ನಾನು ಜನ್ಮದಲ್ಲಿ ಉಂಡಿಲ್ಲ. ಮೂವರೂ ಎರಡೆರಡು ಸಲ ಹಾಕಿಸಿಕೊಂಡು ಉಂಡೆವು.